ಗೆಲ್ಲುತ್ತಿದ್ದ ತಂಡವೇ ಮುಚ್ಚಿಹೋಯಿತು: ಆಫ್ರಿಕಾದ ಕುಬೆಕಾ ಸೈಕಲ್ ತಂಡದ ಬಗ್ಗೆ ಮಾತಾಡೋಣ

ಕರಿಘಟ್ಟದ_ಏರು, ಶ್ರೀರಂಗಪಟ್ಟಣ

ನಮ್ಮ ಬೆಳಗಿನ ರೈಡ್ ಗುಂಪಿಗೆ ಈಗ ಹೊಸ ಹುಡುಗರು ಜಾಸ್ತಿ ಬಂದಿದ್ದಾರೆ. ಇಂದಿನ ದೊಡ್ಡ ಸವಾರರಾದ ಪೊಗಾಚಾರ್, ವಿಂಗೆಗಾರ್ಡ್ ಎಲ್ಲರಿಗೂ ಗೊತ್ತು. ಕುಬೆಕಾ ಅಂದರೆ ಮಾತ್ರ ಯಾವುದದು ಅಂತ ಕೇಳುತ್ತಾರೆ. ಇಷ್ಟು ಬೇಗ ಮರೆತುಹೋಗಬೇಕಾದ ತಂಡ ಅದಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ. ಒಪ್ಪದಿದ್ದರೆ ಜಗಳಕ್ಕೂ ಬನ್ನಿ.

ದಕ್ಷಿಣ ಆಫ್ರಿಕಾದ ಡಗ್ಲಸ್ ರೈಡರ್ ಕಟ್ಟಿದ ತಂಡ ಅದು. ಅವರು 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ರಸ್ತೆ ರೇಸ್ ತುಳಿದವರು. ಮೊದಲು ಅದೊಂದು ಚಿಕ್ಕ ತಂಡ. ಎಂಟಿಎನ್ ಅನ್ನುವ ಮೊಬೈಲ್ ಕಂಪನಿ ದುಡ್ಡು ಹಾಕುತ್ತಿತ್ತು. ಆಫ್ರಿಕಾದ ಹುಡುಗರನ್ನು ಯುರೋಪಿನ ದೊಡ್ಡ ರೇಸ್‌ಗಳಿಗೆ ಕರೆದೊಯ್ಯಬೇಕು ಅನ್ನುವುದು ರೈಡರ್ ಅವರ ಹಟ. ಜೊತೆಗೆ ಹಳ್ಳಿ ಮಕ್ಕಳಿಗೆ ಸೈಕಲ್ ಕೊಡುವ ಕುಬೆಕಾ ಸಂಸ್ಥೆಯ ಹೆಸರನ್ನು ಜೆರ್ಸಿ ಮೇಲೆ ಹಾಕಿಕೊಂಡರು. ಹೀಗೆ ಎಂಟಿಎನ್–ಕುಬೆಕಾ ಆಯಿತು.

2013ರಲ್ಲಿ ತಂಡ ಎರಡನೇ ದರ್ಜೆಗೆ ಏರಿತು. ಆ ಮಾರ್ಚ್‌ನಲ್ಲಿ ಮಿಲಾನ್–ಸಾನ್ ರೆಮೊಗೆ ಕರೆ ಬಂತು. ಒಂದೇ ದಿನದ ಐದು ಮಹಾ ರೇಸ್‌ಗಳಲ್ಲಿ ಅದೂ ಒಂದು, ಸುಮಾರು 300 ಕಿ.ಮೀ. ಆ ವರ್ಷ ಹಿಮ ಸುರಿಯಿತು. ರೇಸನ್ನು ನಡುವೆ ನಿಲ್ಲಿಸಿ, ನೆನೆದು ನಡುಗುತ್ತಿದ್ದ ಸವಾರರನ್ನು ಬಸ್ಸಿಗೆ ಹತ್ತಿಸಿ, ಘಾಟ್ ದಾಟಿಸಿ ಆ ಕಡೆಯಿಂದ ಮತ್ತೆ ಶುರು ಮಾಡಿದರು. ಕೊನೆಯ ಸ್ಪ್ರಿಂಟ್‌ನಲ್ಲಿ, ಅಂದರೆ ಗೆರೆಯ ಹತ್ತಿರದ ಜೋರು ತುಳಿತದಲ್ಲಿ, ಪೀಟರ್ ಸಗಾನ್, ಫೇಬಿಯನ್ ಕ್ಯಾಂಚೆಲಾರಾ ಇಬ್ಬರನ್ನೂ ಹಿಂದೆ ಹಾಕಿ ಗೆದ್ದವನು ಈ ತಂಡದ ಗೆರಾಲ್ಡ್ ಚೋಲೆಕ್. ಜರ್ಮನಿಯವನು. ಸುಮ್ನೆ ಬಂದು ಹೋಗುತ್ತಾರೆ ಅಂದುಕೊಂಡಿದ್ದ ತಂಡ ಯುರೋಪಿನ ಎಲ್ಲ ಪತ್ರಿಕೆಗಳ ಮೊದಲ ಸುದ್ದಿಯಾಯಿತು.

2015ರಲ್ಲಿ ಟೂರ್ ಡಿ ಫ್ರಾನ್ಸ್, ಮೂರು ವಾರ ನಡೆಯುವ ಅತಿ ದೊಡ್ಡ ರೇಸ್. ಬರೀ ಟೂರ್ ಅಂದರೆ ಅದೇ, ಅದರ ಒಂದೊಂದು ದಿನದ ರೇಸನ್ನು ಸ್ಟೇಜ್ ಅನ್ನುತ್ತಾರೆ. ಆಫ್ರಿಕಾದಲ್ಲಿ ನೋಂದಣಿಯಾದ ತಂಡವೊಂದು ಟೂರ್‌ಗೆ ಬಂದದ್ದು ಅದೇ ಮೊದಲು. ಒಂಬತ್ತು ಸವಾರರಲ್ಲಿ ಐವರು ಆಫ್ರಿಕಾದವರು. ಅವರಲ್ಲಿ ಇಬ್ಬರು ಎರಿಟ್ರಿಯಾದವರು, ಡೇನಿಯಲ್ ತೆಕ್ಲೆಹೈಮಾನೊತ್ ಮತ್ತು ಮೆರಾವಿ ಕುಡುಸ್. ಆರನೇ ದಿನ ತೆಕ್ಲೆಹೈಮಾನೊತ್ ಏರು ಹತ್ತುವುದರಲ್ಲಿ ಮುಂದಿರುವವನಿಗೆ ಕೊಡುವ ಬೆಟ್ಟದ ರಾಜನ ಚುಕ್ಕಿ ಜೆರ್ಸಿ ಹಾಕಿಕೊಂಡ. ಎರಿಟ್ರಿಯಾದಲ್ಲಿ ಸೈಕಲ್ ರೇಸ್ ಅಂದರೆ ನಮ್ಮಲ್ಲಿ ಕ್ರಿಕೆಟ್ ಇದ್ದ ಹಾಗೆ, ಇಟಲಿಯವರು ಆಳಿದ ಕಾಲದಿಂದ ಬಂದ ಹುಚ್ಚು ಅದು. ಆ ದೇಶಕ್ಕೆ ಆ ದಿನ ಏನನ್ನಿಸಿರಬೇಕು ಯೋಚಿಸಿ.

ಮತ್ತೆ ಜುಲೈ 18, ಮಂಡೇಲಾ ಹುಟ್ಟಿದ ದಿನ. ತಂಡದವರು ಅವತ್ತು ಗೆಲ್ಲಲೇಬೇಕು ಅಂತ ಹೊರಟಿದ್ದರು. ಮಾಂದ್ ಊರಿನ ಮೇಲಿನ ಕಡಿದಾದ ಏರಿನಲ್ಲಿ ಫ್ರಾನ್ಸಿನ ತಿಬೊ ಪಿನೊ, ರೊಮೆನ್ ಬಾರ್ದೆ ಇಬ್ಬರೂ ಮುಂದಿದ್ದರು. ಏರು ಮುಗಿದ ಮೇಲೆ ಅವರು ಒಬ್ಬರ ಮುಖ ಒಬ್ಬರು ನೋಡುತ್ತಾ ನಿಧಾನ ಮಾಡಿದರು. ಹಿಂದೆ ತನ್ನ ಲೆಕ್ಕದಲ್ಲೇ ಏರು ಹತ್ತಿಕೊಂಡು ಬಂದಿದ್ದ ಈ ತಂಡದ ಸ್ಟೀವ್ ಕಮಿಂಗ್ಸ್ ಇಬ್ಬರನ್ನೂ ಹಿಡಿದು, ನಿಲ್ಲದೆ ಹಾಗೇ ದಾಟಿ ಹೋದ. ಎಷ್ಟು ಸಲ ನೋಡಿದರೂ ನನಗೆ ಆ ಸ್ಟೇಜ್ ಸಾಕಾಗುವುದಿಲ್ಲ.

2016ರಲ್ಲಿ ಹೆಸರು ಡೈಮೆನ್ಷನ್ ಡೇಟಾ ಎಂದಾಯಿತು, ದರ್ಜೆ ವರ್ಲ್ಡ್ ಟೂರ್. ಅಂದರೆ ಲೋಕದ ಅಗ್ರ 18 ತಂಡಗಳಲ್ಲಿ ಒಂದು. ಆ ವರ್ಷದ ಟೂರ್‌ನಲ್ಲಿ ತಂಡದ ಸ್ಪ್ರಿಂಟರ್, ಬ್ರಿಟನ್ನಿನ ಮಾರ್ಕ್ ಕ್ಯಾವೆಂಡಿಷ್ ನಾಲ್ಕು ಸ್ಟೇಜ್ ಗೆದ್ದ, ಕಮಿಂಗ್ಸ್ ಒಂದು. ಒಟ್ಟು ಐದು!

ಆಮೇಲೆ ಇಳಿಜಾರು. ಡೈಮೆನ್ಷನ್ ಡೇಟಾವನ್ನು ಜಪಾನಿನ ಎನ್‌ಟಿಟಿ 2010ರಲ್ಲೇ ಕೊಂಡಿತ್ತು, 2020ರಲ್ಲಿ ತಂಡದ ಹೆಸರೂ ಎನ್‌ಟಿಟಿ ಆಯಿತು. ಅದೇ ವರ್ಷದ ಕೊನೆಗೆ ಅವರು ಕೈಬಿಟ್ಟರು. ಸ್ವಿಸ್ ಬಟ್ಟೆ ಕಂಪನಿ ಅಸೋಸ್ ಕೈಹಿಡಿದು 2021ಕ್ಕೆ ತಂಡ ಹೇಗೋ ಉಳಿಯಿತು. ಆ ವರ್ಷದ ಜೀರೊ ಡಿ ಇಟಾಲಿಯಾದಲ್ಲಿ, ಅಂದರೆ ಇಟಲಿಯ ಮೂರು ವಾರದ ರೇಸ್‌ನಲ್ಲಿ, ಮೂರು ಸ್ಟೇಜ್ ಗೆದ್ದರು: ಮಣ್ಣು ರಸ್ತೆಯ ದಿನ ಮೌರೊ ಶ್ಮಿಡ್, ವೆರೋನಾದಲ್ಲಿ ಜಾಕೊಮೊ ನಿಜೋಲೊ, ಗೊರೀತ್ಸಿಯಾದಲ್ಲಿ ಮಳೆಯಲ್ಲಿ ವಿಕ್ಟರ್ ಕಂಪೆನಾರ್ಟ್ಸ್. ಟೂರ್‌ಗೆ ಮೊದಲು ನೆಕ್ಸ್ಟ್‌ಹ್ಯಾಶ್ ಅನ್ನುವ ಕ್ರಿಪ್ಟೊ ಕಂಪನಿ ಐದು ವರ್ಷದ ಒಪ್ಪಂದಕ್ಕೆ ಬಂತು ಅಂತ ಘೋಷಣೆ ಆಯಿತು. ಆದರೂ ವರ್ಷ ಮುಗಿಯುವ ಹೊತ್ತಿಗೆ ಮುಂದಿನ ವರ್ಷಕ್ಕೆ ದುಡ್ಡಿಲ್ಲ. ಡಿಸೆಂಬರ್‌ನಲ್ಲಿ ವರ್ಲ್ಡ್ ಟೂರ್ ಪರವಾನಗಿಯೂ ಸಿಗಲಿಲ್ಲ. ಮುಗೀತು.

ನನ್ನ ಅಭಿಪ್ರಾಯ ಇಷ್ಟೇ. ಈ ತಂಡ ರಸ್ತೆ ಮೇಲೆ ಸೋತು ಬೀಳಲಿಲ್ಲ. ಸೈಕಲ್ ತಂಡಕ್ಕೆ ತನ್ನದು ಅನ್ನುವ ಆಸ್ತಿ ಏನೂ ಇಲ್ಲದಿರುವುದೇ ಅದನ್ನು ಬೀಳಿಸಿತು. ನೀವೇನಂತೀರಿ?

ಗೇರ್_ಪಾಂಡವಪುರ

ಓದಿದೆ ಅಣ್ಣ, ಒಂದೇ ಉಸಿರಿಗೆ. ಒಂದು ಅರ್ಥ ಆಗಲಿಲ್ಲ. ಐದು ಸ್ಟೇಜ್ ಗೆದ್ದರೆ ಬಹುಮಾನ ಬರಲ್ವಾ? ಟಿವಿಯವರು ಕೊಡಲ್ವಾ? ಅಷ್ಟು ಜನ ರಸ್ತೆ ಬದಿ ನಿಂತು ನೋಡುತ್ತಾರೆ, ಆ ದುಡ್ಡೆಲ್ಲ ಎಲ್ಲಿ ಹೋಗುತ್ತದೆ?

ಜಮಾ_ಖರ್ಚು, ಮೈಸೂರು

ಇದಕ್ಕೆ ನಾನು ಉತ್ತರ ಕೊಡುತ್ತೇನೆ, ನನ್ನ ಕೆಲಸವೇ ಲೆಕ್ಕ ನೋಡುವುದು.

ಟೂರ್‌ನಲ್ಲಿ ಒಂದು ಸ್ಟೇಜ್ ಗೆದ್ದರೆ ಬಹುಮಾನ 11,000 ಯೂರೊ. ಇಡೀ ಟೂರ್ ಗೆದ್ದವನಿಗೆ 5 ಲಕ್ಷ ಯೂರೊ. ಅದನ್ನೂ ರೂಢಿಯಂತೆ ಜೊತೆಗಾರರು, ಸಿಬ್ಬಂದಿ ಎಲ್ಲರೂ ಹಂಚಿಕೊಳ್ಳುತ್ತಾರೆ. ಇತ್ತ ಇನಿಯೋಸ್‌ನಂಥ ದೊಡ್ಡ ತಂಡದ ವರ್ಷದ ಖರ್ಚು 2021ರ ಸುಮಾರಿಗೇ 5 ಕೋಟಿ ಪೌಂಡ್ ಹತ್ತಿರ ಇತ್ತು. ಬಹುಮಾನದಿಂದ ಬಸ್ಸಿನ ಡೀಸೆಲ್ ಖರ್ಚೂ ಪೂರ್ತಿ ಹುಟ್ಟುವುದಿಲ್ಲ.

ಟಿಕೆಟ್ ಅನ್ನುವುದೇ ಇಲ್ಲ. ರಸ್ತೆ ಬದಿ ನಿಲ್ಲುವುದಕ್ಕೆ ಯಾರಾದರೂ ಕಾಸು ಕೊಡುತ್ತಾರಾ? ಟಿವಿ ಹಕ್ಕಿನ ದುಡ್ಡು ರೇಸ್ ನಡೆಸುವವರದು. ಟೂರ್ ನಡೆಸುವುದು ಎಎಸ್‌ಒ ಅನ್ನುವ ಖಾಸಗಿ ಕಂಪನಿ, ಅದು ಟಿವಿ ಆದಾಯವನ್ನು ತಂಡಗಳ ಜೊತೆ ಹಂಚಿಕೊಳ್ಳುವುದಿಲ್ಲ. ಐಪಿಎಲ್ ನೋಡಿ. 2023ರಿಂದ 2027ರವರೆಗಿನ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿಗೆ ಹೋಯಿತು, ಅದರಲ್ಲಿ ಪ್ರತಿ ತಂಡಕ್ಕೂ ಪಾಲಿದೆ. ಆರ್‌ಸಿಬಿ ಒಂದು ವರ್ಷ ಕೊನೆಯ ಸ್ಥಾನಕ್ಕೆ ಹೋದರೂ ಮುಚ್ಚುವುದಿಲ್ಲ. ಅದಕ್ಕೆ ಊರಿದೆ, ಮೈದಾನವಿದೆ, ಅದನ್ನು ಮಾರಿದರೆ ಕೊಳ್ಳುವವರಿದ್ದಾರೆ. ಸೈಕಲ್ ತಂಡದಲ್ಲಿ ಏನಿದೆ? ಒಂದಷ್ಟು ಬಸ್ಸು, ಕಾರು, ಸವಾರರ ಜೊತೆಗಿನ ಒಪ್ಪಂದ, ಮತ್ತೆ ವರ್ಷ ವರ್ಷ ಪರಿಶೀಲನೆಗೆ ಬರುವ ಒಂದು ಪರವಾನಗಿ. ಹೆಸರೂ ಅದರದಲ್ಲ, ಪ್ರಾಯೋಜಕರದು. ಒಂದೇ ಕಾರ್ಖಾನೆ ನಂಬಿ ಎಲ್ಲ ಗದ್ದೆಗೂ ಕಬ್ಬು ಹಾಕಿದ ಹಾಗೆ. ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬನ್ನೂರು_ರಸ್ತೆ

ಮೇಲಿನ ಇಬ್ಬರೂ ಹೇಳಿದ್ದು ಸರಿಯೇ. ಆದರೆ ಎಲ್ಲವನ್ನೂ ದುಡ್ಡಿನ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಈ ತಂಡ 2021ರಲ್ಲಿ ಬಿದ್ದದ್ದಲ್ಲ. 2016ರಲ್ಲೇ ಒಳಗಿನಿಂದ ಸಡಿಲ ಆಗಿತ್ತು.

2015ರ ತಂಡವನ್ನು ಎಲ್ಲರೂ ಯಾಕೆ ಪ್ರೀತಿಸಿದರು? ಅಲ್ಲಿ ತೆಕ್ಲೆಹೈಮಾನೊತ್ ಇದ್ದ, ಕುಡುಸ್ ಇದ್ದ, ದಕ್ಷಿಣ ಆಫ್ರಿಕಾದ ಲೂಯಿ ಮೈಂಟ್ಜೆಸ್ ಇದ್ದ. ಮೈಂಟ್ಜೆಸ್ ಆ ವರ್ಷ ಸ್ಪೇನಿನ ಮೂರು ವಾರದ ರೇಸ್ ವುಎಲ್ಟಾದಲ್ಲಿ ಹತ್ತನೆಯವನಾದ, ಮರು ವರ್ಷ ಬೇರೆ ತಂಡಕ್ಕೆ ಹೋದ. ರುವಾಂಡಾದ ಆದ್ರಿಯೆನ್ ನಿಯೊನ್ಶುತಿ ಎಂಬ ಹುಡುಗ ಈ ತಂಡದಲ್ಲಿ ವರ್ಷಗಟ್ಟಲೆ ಇದ್ದ. 1994ರ ನರಮೇಧದಲ್ಲಿ ಆರು ಜನ ಒಡಹುಟ್ಟಿದವರನ್ನು ಕಳೆದುಕೊಂಡವನು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ತನ್ನ ದೇಶದ ಬಾವುಟ ಹಿಡಿದು ನಡೆದ. ಇಂಥವರಿಗೆ ಬಾಗಿಲು ತೆರೆದ ದೊಡ್ಡ ತಂಡಗಳು ಆಗ ಬಹಳ ಕಡಿಮೆ.

ವರ್ಲ್ಡ್ ಟೂರ್‌ಗೆ ಏರಿದ ಮೇಲೆ ಏನಾಯಿತು? ಗೆಲುವು ಬೇಕು, ತಂಡಗಳ ಪಟ್ಟಿಯಲ್ಲಿ ಮೇಲಿರಲು ಪಾಯಿಂಟ್ ಬೇಕು, ಆದ್ದರಿಂದ ಹೆಸರಿರುವ ಯುರೋಪಿಯನ್ನರು ಬೇಕು. ಕ್ಯಾವೆಂಡಿಷ್ ಬಂದ, ಅವನ ಜೊತೆ ಅವನ ಹಳೇ ಸಂಗಡಿಗರು ಬಂದರು. ಟೂರ್ ತಂಡದಲ್ಲಿ ಆಫ್ರಿಕಾದವರ ಜಾಗ ಕಡಿಮೆ ಆಗುತ್ತಾ ಹೋಯಿತು. ನಿಮಗೆ ಗೊತ್ತಾ, ಟೂರ್‌ನಲ್ಲಿ ಐದು ಸ್ಟೇಜ್ ಗೆದ್ದ ಆ 2016ರಲ್ಲೇ ಪಾಯಿಂಟ್ ಪಟ್ಟಿಯಲ್ಲಿ ಈ ತಂಡ ವರ್ಲ್ಡ್ ಟೂರ್ ತಂಡಗಳ ಪೈಕಿ ಕೊನೆಯಲ್ಲಿತ್ತು. ಮರು ವರ್ಷ ತಂಡಗಳನ್ನು 17ಕ್ಕೆ ಇಳಿಸುವ ಮಾತೂ ಬಂದಿತ್ತು, ಪರವಾನಗಿ ಹೋಗುವ ಭಯ ಆಗಲೇ ಇತ್ತು. ಆ ಭಯ ತಂಡದ ಎಲ್ಲ ತೀರ್ಮಾನಗಳನ್ನೂ ಹಾಳು ಮಾಡಿತು. ಯಾರನ್ನು ತಗೋಬೇಕು ಅನ್ನುವಾಗ ಇಪ್ಪತ್ತರ ಹುಡುಗನನ್ನು ಬೆಳೆಸುವ ಧೈರ್ಯ ಹೋಗಿ, ಪಾಯಿಂಟ್ ತರುವ ಮೂವತ್ತು ದಾಟಿದವರ ಕಡೆ ಕಣ್ಣು ಹೋಯಿತು.

ಪ್ರಾಯೋಜಕರಿಗೆ ಹೇಳಿಕೊಳ್ಳಲು ಇವರ ಹತ್ತಿರ ಒಂದೇ ಒಂದು ಕತೆ ಇತ್ತು, ಆಫ್ರಿಕಾದ ಕತೆ. ಅದನ್ನೇ ತೆಳುವಾಗಲು ಬಿಟ್ಟರು. ಆಮೇಲೆ ಬೇರೆ ಹದಿನೇಳು ತಂಡಗಳ ನಡುವೆ ಇವರಿಗೇ ಯಾಕೆ ದುಡ್ಡು ಕೊಡಬೇಕು?

ಸ್ಪ್ರಿಂಟ್_ಕುವೆಂಪುನಗರ

ಬನ್ನೂರು ಅವರೇ, ಕ್ಯಾವೆಂಡಿಷ್ ಮೇಲೆ ಯಾಕೆ ಸಿಟ್ಟು? ಅವನಿಲ್ಲದೆ ಈ ತಂಡದ ಹೆಸರು ಯಾರಿಗೆ ಗೊತ್ತಾಗುತ್ತಿತ್ತು? 2016ರ ಮೊದಲ ಸ್ಟೇಜ್, ಯೂಟಾ ಬೀಚ್. ಅಷ್ಟು ವರ್ಷ ಟೂರ್ ತುಳಿದು ಅಷ್ಟೊಂದು ಸ್ಟೇಜ್ ಗೆದ್ದವನಿಗೆ, ಒಟ್ಟಾರೆ ಮುಂದಿರುವವನು ಹಾಕುವ ಹಳದಿ ಜೆರ್ಸಿ ಸಿಕ್ಕಿದ್ದು ಅವತ್ತೇ ಮೊದಲು, ಈ ತಂಡದ ಬಟ್ಟೆಯಲ್ಲೇ. ಆ ಹಳದಿ ಜೆರ್ಸಿ ಮೇಲೂ ಕುಬೆಕಾ ಹೆಸರು ಲೋಕಕ್ಕೆಲ್ಲ ಕಂಡಿತು.

ಆಮೇಲಿನದು ನಸೀಬು. 2017ರಲ್ಲಿ ವಿಟೆಲ್ ಊರಿನ ಸ್ಪ್ರಿಂಟ್‌ನಲ್ಲಿ ಸಗಾನ್ ಪಕ್ಕ ನುಗ್ಗುವಾಗ ಬೇಲಿಗೆ ಬಡಿದು ಕ್ಯಾವೆಂಡಿಷ್‌ನ ಭುಜದ ಮೂಳೆ ಮುರಿಯಿತು, ಸಗಾನ್‌ನನ್ನು ರೇಸ್‌ನಿಂದಲೇ ಹೊರಹಾಕಿದರು. ಅದೇ ಟೂರ್‌ನ ಏಳನೇ ಸ್ಟೇಜ್‌ನಲ್ಲಿ ಈ ತಂಡದ ಎಡ್ವಾಲ್ಡ್ ಬೊವಾಸನ್ ಹಾಗೆನ್ ಮಾರ್ಸೆಲ್ ಕಿಟಲ್‌ಗೆ ಸೋತದ್ದು 6 ಮಿಲಿಮೀಟರ್ ಅಂತರದಲ್ಲಿ. ಆರು ಮಿಲಿಮೀಟರ್! 200 ಕಿ.ಮೀ.ಗೂ ಹೆಚ್ಚು ತುಳಿದು ಬಂದ ಮೇಲೆ. ಪುಣ್ಯಕ್ಕೆ 19ನೇ ಸ್ಟೇಜ್ ಒಬ್ಬನೇ ಮುಂದೆ ಹೋಗಿ ಗೆದ್ದ. ಈ ತಂಡಕ್ಕೆ ಟೂರ್‌ನಲ್ಲಿ ಸಿಕ್ಕ ಕೊನೆಯ ಗೆಲುವು ಅದೇ.

ಕ್ಯಾವೆಂಡಿಷ್‌ಗೆ ಎಪ್‌ಸ್ಟೀನ್–ಬಾರ್ ವೈರಸ್ ಬಂದು ಮೈಯಲ್ಲಿ ಶಕ್ತಿಯೇ ಇಲ್ಲದಂತಾಯಿತು. 2018ರಲ್ಲಿ ಆಲ್ಪ್ಸ್‌ನ ಸ್ಟೇಜ್ ಸಮಯದೊಳಗೆ ಮುಗಿಸಲಾಗದೆ ಹೊರಬಿದ್ದ. 2019ರಲ್ಲಿ ಟೂರ್ ತಂಡಕ್ಕೇ ತೆಗೆದುಕೊಳ್ಳಲಿಲ್ಲ. ಅದು ನನಗೆ ಇವತ್ತಿಗೂ ನೋವು. ಅವನು ಮುಗಿದುಹೋದವನಾಗಿದ್ದರೆ 2021ರಲ್ಲಿ ಬೇರೆ ತಂಡಕ್ಕೆ ಹೋಗಿ ನಾಲ್ಕು ಸ್ಟೇಜ್ ಗೆದ್ದು, ಪಾಯಿಂಟ್‌ನಲ್ಲಿ ಮೊದಲಿಗನಾದವನ ಹಸಿರು ಜೆರ್ಸಿ ಹಾಕುತ್ತಿದ್ದನಾ? 2024ರಲ್ಲಿ 35ನೇ ಸ್ಟೇಜ್ ಗೆದ್ದು, ಅತಿ ಹೆಚ್ಚು ಸ್ಟೇಜ್ ಗೆದ್ದ ಎಡಿ ಮರ್ಕ್ಸ್ ದಾಖಲೆ ದಾಟುತ್ತಿದ್ದನಾ?

ಬನ್ನೂರು_ರಸ್ತೆ

ಅವನ ಮೇಲೆ ಸಿಟ್ಟಿಲ್ಲ. ಅವನು ದೊಡ್ಡ ಸವಾರ, ಅದರಲ್ಲಿ ಎರಡು ಮಾತಿಲ್ಲ. ನನ್ನ ಪ್ರಶ್ನೆ ಬೇರೆ. ಒಬ್ಬ ಸ್ಪ್ರಿಂಟರ್‌ನ ಸುತ್ತ ತಂಡ ಕಟ್ಟಿದರೆ ಅವನಿಗೆ ಗಾಳಿ ತಡೆಯಲು, ದಾರಿ ಮಾಡಿಕೊಡಲು ಐದಾರು ಜನ ಬೇಕು. ಅಷ್ಟು ಜಾಗ, ಅಷ್ಟು ಸಂಬಳ ಅಲ್ಲಿಗೇ ಹೋಯಿತು. ಅವನು ಬಿದ್ದ ವರ್ಷ ಅವನ ಜೊತೆ ಇಡೀ ತಂಡವೇ ಬಿದ್ದಿತು. ಅವನನ್ನು 2019ರಲ್ಲಿ ಬಿಟ್ಟಿದ್ದು ತಪ್ಪು ಅನ್ನುವುದು ನನಗೂ ಒಪ್ಪಿಗೆ.

ಇನ್ನೊಂದು ಹೆಸರು ನೆನಪಿಸುತ್ತೇನೆ, ಬೆನ್ ಓಕಾನರ್. 2020ರ ಜೀರೊದಲ್ಲಿ ಬೆಟ್ಟದ ಸ್ಟೇಜ್ ಗೆದ್ದ. ಆ ಹೊತ್ತಿಗೆ ತಂಡ ಇರುತ್ತದೋ ಇಲ್ಲವೋ ಅಂತಲೇ ಯಾರಿಗೂ ಗೊತ್ತಿರಲಿಲ್ಲ. ಅವನು ಫ್ರಾನ್ಸಿನ ತಂಡಕ್ಕೆ ಹೋದ. ಮರು ವರ್ಷದ ಟೂರ್‌ನಲ್ಲಿ ಟೀನ್ಯ ಬೆಟ್ಟದ ಮೇಲೆ ಒಬ್ಬನೇ ಗೆದ್ದು, ಒಟ್ಟಾರೆ ನಾಲ್ಕನೆಯವನಾದ. ಅಂಥವನು ಉಳಿದಿದ್ದರೆ?

ಕರಿಘಟ್ಟದ_ಏರು, ಶ್ರೀರಂಗಪಟ್ಟಣ

ಅದೇ ನಾನು ಹೇಳುತ್ತಿರುವುದು. ಓಕಾನರ್ ಹೋದದ್ದು ತಂಡ ಕೆಟ್ಟದ್ದು ಅಂತಲ್ಲ. ಮುಂದಿನ ಜನವರಿಗೆ ಸಂಬಳ ಬರುತ್ತದಾ ಅನ್ನುವುದು ಅಕ್ಟೋಬರ್‌ನಲ್ಲಿ ತಿಳಿಯದಿದ್ದರೆ ಯಾರು ಕಾಯುತ್ತಾರೆ? ಒಳ್ಳೆಯವರು ಮೊದಲು ಹೋಗುತ್ತಾರೆ. ಕೊನೆಗೆ ಜಾಗ ಸಿಗದವರು ಉಳಿಯುತ್ತಾರೆ. 2020ರ ಕೊನೆಯಲ್ಲಿ ಹಾಗೇ ಆಯಿತು. ತಂಡ ಉಳಿಯಿತು ಅಂತ ನವೆಂಬರ್‌ನಲ್ಲಿ ಗೊತ್ತಾದಾಗ ಮಾರುಕಟ್ಟೆಯಲ್ಲಿ ಉಳಿದವರನ್ನು ಹೆಕ್ಕಿ 2021ರ ತಂಡ ಮಾಡಿದರು. ಅಂಥ ತಂಡ ಜೀರೊದಲ್ಲಿ ಮೂರು ಸ್ಟೇಜ್ ಗೆದ್ದಿತು ಅನ್ನುವುದು ನನ್ನ ಪಾಲಿಗೆ 2015ಕ್ಕಿಂತಲೂ ದೊಡ್ಡ ಸಾಧನೆ.

ಮಂಡ್ಯದ_ಮೇಷ್ಟ್ರು

ನಾನು ರೇಸ್ ಜಾಸ್ತಿ ನೋಡುವವನಲ್ಲ. ಮಗ ಈ ಚರ್ಚೆ ತೋರಿಸಿದ. ತಂಡದ ಜೆರ್ಸಿ ಮೇಲಿದ್ದ ಆ ಸಂಸ್ಥೆಯ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ ಅಂತ ಬರೆಯುತ್ತಿದ್ದೇನೆ.

ಕುಬೆಕಾ ಸಂಸ್ಥೆ ಸೈಕಲನ್ನು ಸುಮ್ನೆ ಹಂಚುವುದಿಲ್ಲ. ಮಕ್ಕಳು ಗಿಡ ನೆಟ್ಟು ಬೆಳೆಸುತ್ತಾರೆ, ಕಸ ಆಯ್ದು ಮರುಬಳಕೆಗೆ ಕೊಡುತ್ತಾರೆ, ಶಾಲೆಗೆ ತಪ್ಪದೆ ಬಂದು ಚೆನ್ನಾಗಿ ಓದುತ್ತಾರೆ, ಹಾಗೆ ಸೈಕಲ್ ಗಳಿಸುತ್ತಾರೆ. ಅವರು ಕೊಡುವುದು ಬಫಲೊ ಎಂಬ ಸೈಕಲ್. ಗಟ್ಟಿ ಉಕ್ಕಿನದು, ಒಂದೇ ಗೇರ್, ಪೆಡಲ್ ಹಿಂದಕ್ಕೆ ತುಳಿದರೆ ಬ್ರೇಕ್, ಹಿಂದಿನ ಕ್ಯಾರಿಯರ್ 100 ಕೆ.ಜಿ. ಹೊರುತ್ತದೆ. ಮಣ್ಣು ರಸ್ತೆಗೆ ಅಂತಲೇ ಮಾಡಿದ್ದು. ಊರಿನವರಿಗೇ ರಿಪೇರಿ ಕೆಲಸವನ್ನೂ ಕಲಿಸುತ್ತಾರೆ. ಇದು ಬಹಳ ಮುಖ್ಯ. ಸೈಕಲ್ ಕೊಟ್ಟು ಹೋಗಿಬಿಟ್ಟರೆ ಮೊದಲ ಪಂಕ್ಚರ್‌ಗೇ ಅದು ಮೂಲೆ ಸೇರುತ್ತದೆ.

ನಮ್ಮ ರಾಜ್ಯದಲ್ಲೂ 2006–07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಟ್ಟರು. ನಾನು ಪ್ರೌಢಶಾಲೆ ಮೇಷ್ಟ್ರು, ಆ ಬದಲಾವಣೆಯನ್ನು ಕಣ್ಣಾರೆ ಕಂಡಿದ್ದೇನೆ. ಏಳನೇ ತರಗತಿ ಮುಗಿಸಿದ ಹೆಣ್ಣುಮಕ್ಕಳ ಮನೆಯವರು, ಪ್ರೌಢಶಾಲೆ ದೂರ, ಬಸ್ಸು ಹೊತ್ತಿಗೆ ಬರುವುದಿಲ್ಲ, ಸಾಕು ಬಿಡಿ ಅನ್ನುತ್ತಿದ್ದರು. ಸೈಕಲ್ ಬಂದ ಮೇಲೆ ಆ ಮಾತು ನಿಂತಿತು. ನಾಲೆ ಏರಿ ಮೇಲೆ ಸಾಲಾಗಿ ಹೆಣ್ಣುಮಕ್ಕಳು ಸೈಕಲ್‌ನಲ್ಲಿ ಬರುವಾಗ, ಇವರಲ್ಲಿ ಒಬ್ಬಳಾದರೂ ರೇಸ್‌ಗೆ ಹೋಗಬಾರದೇ ಅನ್ನಿಸುತ್ತಿತ್ತು. ಬಿಸಿಲಲ್ಲಿ, ಎದುರು ಗಾಳಿಯಲ್ಲಿ, ಚೀಲ ಹೊತ್ತು ಎಷ್ಟು ಜೋರಾಗಿ ತುಳಿಯುತ್ತಿದ್ದರು! ಕೋವಿಡ್ ಬಂದ ಮೇಲೆ ಯೋಜನೆ ನಿಂತಿತು. ಈಗ ಆ ಸಾಲು ಕಾಣುವುದಿಲ್ಲ.

ನನಗೆ ಅನ್ನಿಸುವುದು ಇದು. ಆ ತಂಡ ಮುಚ್ಚಿದರೂ ಸೈಕಲ್ ಕೊಡುವ ಸಂಸ್ಥೆ ಮುಚ್ಚಲಿಲ್ಲ, ಇವತ್ತಿಗೂ ಕೆಲಸ ಮಾಡುತ್ತಿದೆ. ಹಾಗಿದ್ದರೆ ತಂಡ ಸೋತಿತು ಅಂತ ಹೇಗೆ ಹೇಳುತ್ತೀರಿ?

ಜಮಾ_ಖರ್ಚು, ಮೈಸೂರು

ಮೇಷ್ಟ್ರೇ, ನಿಮ್ಮ ಮಾತು ಮನಸ್ಸಿಗೆ ತಟ್ಟಿತು. ಆದರೆ ಟೂರ್‌ನಲ್ಲಿ ಮೂರು ವಾರ ಲೋಕಕ್ಕೆಲ್ಲ ಕಾಣುತ್ತಿದ್ದ ಹೆಸರು ಕಾಣದಾದರೆ ದಾನ ಕೊಡುವವರೂ ಕಡಿಮೆ ಆಗುತ್ತಾರೆ. ತಂಡ ಆ ಸಂಸ್ಥೆಯ ಧ್ವನಿಯಾಗಿತ್ತು. ಆ ನಷ್ಟವನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ಇದು ಒಂದು ತಂಡದ ಹಣೆಬರಹ ಅಂತ ಯಾರೂ ತಿಳಿಯಬೇಡಿ. ಎಚ್‌ಟಿಸಿ–ಹೈರೋಡ್ ನೆನಪಿದೆಯಾ? ಅದು ಮೊದಲು ಜರ್ಮನಿಯ ಟೆಲಿಕಾಂ ತಂಡ. 1996ರಲ್ಲಿ ಬ್ಯಾರ್ನೆ ರೀಸ್, 1997ರಲ್ಲಿ ಯಾನ್ ಉಲ್ರಿಚ್ ಆ ತಂಡದಿಂದಲೇ ಟೂರ್ ಗೆದ್ದರು. ಡೋಪಿಂಗ್ ಕೊಳಕು ಹೊರಬಂದು 2007ರ ಕೊನೆಗೆ ಕಂಪನಿ ಕೈತೊಳೆದುಕೊಂಡಿತು. ಬಾಬ್ ಸ್ಟೇಪಲ್‌ಟನ್ ಅನ್ನುವ ಅಮೆರಿಕದವರು ತಂಡವನ್ನು ಎತ್ತಿ ನಿಲ್ಲಿಸಿದರು. ಕ್ಯಾವೆಂಡಿಷ್ ಅರಳಿದ್ದು ಅಲ್ಲೇ. 2011ರ ಜುಲೈನಲ್ಲಿ ಟೂರ್‌ನಲ್ಲಿ ಅವನಿಗೆ ಐದು ಸ್ಟೇಜ್ ಮತ್ತು ಹಸಿರು ಜೆರ್ಸಿ. ಆಗಸ್ಟ್ ಮೊದಲ ವಾರ ಸ್ಟೇಪಲ್‌ಟನ್ ಘೋಷಿಸಿದರು: ಪ್ರಾಯೋಜಕರು ಸಿಗಲಿಲ್ಲ, ತಂಡ ಮುಚ್ಚುತ್ತೇವೆ. ಆ ಕಾಲದಲ್ಲಿ ಅವರಷ್ಟು ರೇಸ್ ಗೆದ್ದ ತಂಡ ಇನ್ನೊಂದಿರಲಿಲ್ಲ.

ಇನ್ನೂ ಹೊಸದು ಬೇಕಾದರೆ ಫ್ರಾನ್ಸಿನ ಆರ್ಕಿಯಾ ನೋಡಿ. 2025ರ ಟೂರ್‌ನಲ್ಲಿ ಕೆವಿನ್ ವೊಕ್ಲಾನ್ ಏಳನೆಯವನಾದ. ಅದೇ ವರ್ಷದ ಕೊನೆಗೆ ತಂಡವೇ ಇಲ್ಲ. ಈಗ ಮೇಲಿರುವ ತಂಡಗಳ ಹಿಂದೆ ಯಾರಿದ್ದಾರೆ ನೋಡಿ. ಯುಎಇ, ಬಹ್ರೇನ್ ಹೆಸರಲ್ಲೇ ದೇಶಗಳಿವೆ. ಇನಿಯೋಸ್ ಹಿಂದೆ ಒಬ್ಬ ಕೋಟ್ಯಧಿಪತಿ. ಅಂಥ ಬೆನ್ನಿಲ್ಲದ ತಂಡ ಪ್ರತಿ ಆಗಸ್ಟ್‌ನಲ್ಲಿ ಬಾಗಿಲು ಬಾಗಿಲು ತಟ್ಟಬೇಕು. ಅಂಥ ಹೊತ್ತಲ್ಲಿ ಹೊಸ ಕ್ರಿಪ್ಟೊ ಕಂಪನಿ ಬಂದು ಐದು ವರ್ಷ ಅಂದರೆ ಯಾರು ಬೇಡ ಅನ್ನುತ್ತಾರೆ? ರೈಡರ್ ಅವರನ್ನು ನಾನು ಅದಕ್ಕಾಗಿ ದೂರುವುದಿಲ್ಲ. ಮುಳುಗುವವನು ಹಗ್ಗದ ಬಣ್ಣ ನೋಡುವುದಿಲ್ಲ.

ವಿಜಯನಗರ_ನಾಲ್ಕನೇ_ಹಂತ

ಎಚ್‌ಟಿಸಿ ಮಾತು ಬಂತಲ್ಲ, ಅರ್ಧ ಕತೆ ಬಿಟ್ಟಿದ್ದೀರಿ. ಅವರಿಗೆ ಮಹಿಳಾ ತಂಡವೂ ಇತ್ತು. ಗಂಡಸರ ತಂಡ 2011ಕ್ಕೆ ಮುಗಿಯಿತು, ಹೆಂಗಸರದು ಮುಗಿಯಲಿಲ್ಲ. 2012ರಿಂದ ಬೇರೆ ಹೆಸರು, ಬೇರೆ ಪ್ರಾಯೋಜಕರು, ಮತ್ತೆ ಬೇರೆ ಹೆಸರು. ಅದೇ ಜನ ಹಿಡಿದು ನಡೆಸಿಕೊಂಡು ಬಂದು ಕೊನೆಗೆ ಕ್ಯಾನ್ಯನ್–ಸ್ರ್ಯಾಮ್ ಕಟ್ಟಿದರು. 2024ರ ಮಹಿಳಾ ಟೂರ್ ಡಿ ಫ್ರಾನ್ಸ್‌ನಲ್ಲಿ ಆ ತಂಡದ ಕಾಸಿಯಾ ನಿಯೆವಿಯಾಡೊಮಾ ಗೆದ್ದದ್ದು 4 ಸೆಕೆಂಡ್ ಅಂತರದಲ್ಲಿ. ಕಡಿಮೆ ದುಡ್ಡಿನಲ್ಲಿ ಬದುಕಲು ಕಲಿತವರು ಉಳಿದರು. ಖರ್ಚು ಕಡಿಮೆ ಇದ್ದರೆ ಹೊಸ ಪ್ರಾಯೋಜಕರು ಸಿಗುವುದೂ ಸುಲಭ. ಕುಬೆಕಾ ಎರಡನೇ ದರ್ಜೆಯಲ್ಲೇ ಇದ್ದಿದ್ದರೆ ಇವತ್ತಿಗೂ ಇರುತ್ತಿತ್ತು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಮೇಷ್ಟ್ರು ಹೇಳಿದ ಹೆಣ್ಣುಮಕ್ಕಳ ವಿಷಯ. ನಮ್ಮ ರಾಜ್ಯದಲ್ಲಿ ರೇಸ್ ಸೈಕಲ್ ಅಂದರೆ ವಿಜಯಪುರ, ಬಾಗಲಕೋಟೆ ಕಡೆಯವರೇ. ಅಲ್ಲಿ ಸೈಕ್ಲಿಂಗ್ ಕ್ರೀಡಾ ನಿಲಯಗಳಿವೆ, ರೈತರ ಮನೆಯ ಹುಡುಗ ಹುಡುಗಿಯರು ಅಲ್ಲಿದ್ದು ಓದುತ್ತಾ ತರಬೇತಿ ಪಡೆಯುತ್ತಾರೆ. ಮೈಸೂರಿನಲ್ಲಿ ನಮಗೆ ಚಾಮುಂಡಿ ಬೆಟ್ಟವಿದೆ, ದುಬಾರಿ ಸೈಕಲ್‌ಗಳಿವೆ, ಆದರೆ ಅವರ ಹತ್ತಿರಕ್ಕೂ ನಾವು ಬರುವುದಿಲ್ಲ. ಆ ಹುಡುಗಿಯರು ಮುಂದೆ ಏನು ಮಾಡುತ್ತಾರೆ? ರೈಲ್ವೆಯಲ್ಲಿ ಕೆಲಸ ಸಿಕ್ಕರೆ ಭಾಗ್ಯ. ದೇಶದ ರೇಸ್‌ಗಳಲ್ಲಿ ರೈಲ್ವೆ, ಸೇನೆಯವರದೇ ಮೇಲುಗೈ, ಯಾಕಂದರೆ ಅಲ್ಲಿ ತಿಂಗಳ ಸಂಬಳ ಇದೆ. ಅದು ಮುಚ್ಚುವುದಿಲ್ಲ, ಅದು ಒಳ್ಳೆಯದೇ. ಆದರೆ ಅಲ್ಲಿಂದ ಯುರೋಪಿಗೆ ದಾರಿಯಿಲ್ಲ. ಎರಿಟ್ರಿಯಾದ ಹುಡುಗರಿಗೆ ಕುಬೆಕಾ ಆ ದಾರಿಯಾಗಿತ್ತು. ನಮ್ಮವರಿಗೆ ಅಂಥದ್ದೊಂದು ಒಂದೇ ಒಂದು ವರ್ಷವೂ ಇರಲಿಲ್ಲ.

ಗೇರ್_ಪಾಂಡವಪುರ

ಅಕ್ಕ, ಸರಿಯಾಗಿ ಹೇಳಿದಿರಿ. ಈ ಗಿರ್ಮೈ ಕೂಡ ಕುಬೆಕಾದಿಂದ ಬಂದವನಾ? ಎರಿಟ್ರಿಯಾದವನೇ ಅಲ್ವಾ?

ಬನ್ನೂರು_ರಸ್ತೆ

ಬಿನಿಯಮ್ ಗಿರ್ಮೈ ಎರಿಟ್ರಿಯಾದವನು, ಆದರೆ ಕುಬೆಕಾದಲ್ಲಿ ತುಳಿಯಲಿಲ್ಲ. ನನ್ನ ವಾದಕ್ಕೆ ಅವನೇ ಸಾಕ್ಷಿ. ಆಫ್ರಿಕಾದ ತಂಡ ವರ್ಲ್ಡ್ ಟೂರ್‌ನಲ್ಲಿ ಇದ್ದಾಗಲೇ ಆ ಖಂಡದ ಅತ್ಯಂತ ಪ್ರತಿಭಾವಂತ ಹುಡುಗ ಸ್ವಿಟ್ಜರ್‌ಲೆಂಡಿನ ಯುಸಿಐ (ವಿಶ್ವ ಸೈಕ್ಲಿಂಗ್ ಒಕ್ಕೂಟ) ಕೇಂದ್ರದಲ್ಲಿ ಕಲಿತು, ಫ್ರಾನ್ಸಿನ ಡೆಲ್ಕೊ ಎಂಬ ಚಿಕ್ಕ ತಂಡ ಸೇರಿದ. ಅದೂ 2021ರಲ್ಲಿ ಮುಚ್ಚಿತು! ಅಷ್ಟರಲ್ಲಿ ಅವನು ಬೆಲ್ಜಿಯಂನ ಆಂಟರ್‌ಮಾರ್ಶೆಗೆ ಹೋಗಿದ್ದ. 2022ರಲ್ಲಿ ಬೆಲ್ಜಿಯಂನ ಒಂದು ದಿನದ ದೊಡ್ಡ ರೇಸ್ ಗೆಂಟ್–ವೆವೆಲ್‌ಗೆಮ್ ಗೆದ್ದ. 2024ರ ಟೂರ್‌ನಲ್ಲಿ ಮೂರು ಸ್ಟೇಜ್ ಮತ್ತು ಹಸಿರು ಜೆರ್ಸಿ. ಟೂರ್‌ನಲ್ಲಿ ಸ್ಟೇಜ್ ಗೆದ್ದ ಮೊದಲ ಕಪ್ಪು ಆಫ್ರಿಕನ್ ಅವನೇ. ಆ ಗೆಲುವು ಬರಬೇಕಾದದ್ದು ಯಾವ ಜೆರ್ಸಿಯಲ್ಲಿ, ನೀವೇ ಹೇಳಿ.

ಕರಿಘಟ್ಟದ_ಏರು, ಶ್ರೀರಂಗಪಟ್ಟಣ

ಬರಬೇಕಾದದ್ದು ಕುಬೆಕಾ ಜೆರ್ಸಿಯಲ್ಲಿ, ಒಪ್ಪುತ್ತೇನೆ. ಆದರೆ 2015ರಲ್ಲಿ ತೆಕ್ಲೆಹೈಮಾನೊತ್ ಆ ಚುಕ್ಕಿ ಜೆರ್ಸಿ ಹಾಕಿದಾಗ ಗಿರ್ಮೈ ಹದಿನೈದರ ಹುಡುಗ, ಅಸ್ಮಾರಾದಲ್ಲಿದ್ದ. ಆ ವಯಸ್ಸಿನ ಒಂದಿಡೀ ಪೀಳಿಗೆ ತಮ್ಮ ಊರಿನವನನ್ನು ಟೂರ್‌ನಲ್ಲಿ ಕಂಡಿತು. ತಂಡ ಮಾಡಿದ ಕೆಲಸ ಅದು. ಗಿರ್ಮೈ ಇದ್ದ ಆಂಟರ್‌ಮಾರ್ಶೆ ಕೂಡ 2025ರ ಕೊನೆಗೆ ಲೊಟ್ಟೊ ತಂಡದ ಜೊತೆ ಸೇರಿಹೋಯಿತು, ಒಂಟಿಯಾಗಿ ನಡೆಸಲು ಆಗಲಿಲ್ಲ. ಹಾಗಾಗಿ ತಪ್ಪು ಆಯ್ಕೆಗಳಿಂದಲೇ ಕುಬೆಕಾ ಬಿದ್ದಿತು ಅನ್ನುವುದನ್ನು ನಾನು ಒಪ್ಪಲಾರೆ. ಸರಿಯಾಗಿ ಆರಿಸಿದವರೂ ಬೀಳುತ್ತಿದ್ದಾರೆ.

2025ರ ಸೆಪ್ಟೆಂಬರ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್ ರುವಾಂಡಾದ ಕಿಗಾಲಿಯಲ್ಲಿ ನಡೆಯಿತು, ಆಫ್ರಿಕಾದಲ್ಲಿ ಮೊದಲ ಸಲ. ಆ ಕಡಿದಾದ ರಸ್ತೆಗಳ ಎರಡೂ ಬದಿ ತುಂಬಿದ್ದ ಜನರನ್ನು ನೀವೂ ನೋಡಿರುತ್ತೀರಿ. ಅಷ್ಟು ಪ್ರೀತಿ ಇರುವ ಖಂಡಕ್ಕೆ ಈಗ ವರ್ಲ್ಡ್ ಟೂರ್‌ನಲ್ಲಿ ತನ್ನದೊಂದು ತಂಡವಿಲ್ಲ. ರೈಡರ್ 2023ರಲ್ಲಿ ಕ್ಯೂ36.5 ಹೆಸರಿನಲ್ಲಿ ಹೊಸ ತಂಡ ಕಟ್ಟಿದರು, ಟಾಮ್ ಪಿಡ್‌ಕಾಕ್ ಬಂದು 2025ರ ವುಎಲ್ಟಾದಲ್ಲಿ ಮೂರನೆಯವನಾದ. ಆ ಮನುಷ್ಯನ ಛಲ ದೊಡ್ಡದು. ಆದರೆ ಅದರ ನೋಂದಣಿ ಸ್ವಿಟ್ಜರ್‌ಲೆಂಡಿನದು.

ವಿಜಯನಗರ_ನಾಲ್ಕನೇ_ಹಂತ

ಹಾಗಾದರೆ ಟಿವಿ ದುಡ್ಡಿನಲ್ಲಿ ತಂಡಗಳಿಗೆ ಪಾಲು ಕೊಡುವವರೆಗೆ ಇದು ನಿಲ್ಲುವುದಿಲ್ಲ. ಯುರೋಪಿನ ತಂಡಗಳೇ ಒಟ್ಟಾಗಿ ಕೇಳುತ್ತಾ ಬಂದಿವೆ, ಎಎಸ್‌ಒ ಜಗ್ಗಿಲ್ಲ. ನಮ್ಮಲ್ಲಿ ಯಾರಾದರೂ ತಂಡ ಕಟ್ಟುವ ಮಾತಾಡಿದರೆ ಮೊದಲು ಕೇಳಬೇಕಾದ್ದು ಎಷ್ಟು ಗೆಲ್ಲುತ್ತೀರಿ ಅಂತಲ್ಲ, ಎರಡನೇ ವರ್ಷದ ಸಂಬಳ ಎಲ್ಲಿಂದ ಅಂತ.

ಮಂಡ್ಯದ_ಮೇಷ್ಟ್ರು

ಕರಿಘಟ್ಟದವರೇ, ಆ ಮಂಡೇಲಾ ದಿನದ ಸ್ಟೇಜನ್ನು ನಮ್ಮ ಶಾಲೆಯ ಸ್ಮಾರ್ಟ್ ಕ್ಲಾಸಿನಲ್ಲಿ ಮಕ್ಕಳಿಗೆ ತೋರಿಸಬೇಕು ಅಂತಿದ್ದೇನೆ. ಪೂರ್ತಿ ನೋಡಲು ಹೊತ್ತಿಲ್ಲ. ಎಲ್ಲಿಂದ ಹಾಕಲಿ?

ಕರಿಘಟ್ಟದ_ಏರು, ಶ್ರೀರಂಗಪಟ್ಟಣ

2015, 14ನೇ ಸ್ಟೇಜ್, ರೊಡೆಯಿಂದ ಮಾಂದ್‌ಗೆ. ಕೊನೆಯ ಐದು ಕಿಲೋಮೀಟರ್‌ನಿಂದ ಹಾಕಿ ಮೇಷ್ಟ್ರೇ. ಏರು ಶುರುವಾಗುವಾಗ ಕಮಿಂಗ್ಸ್ ಹಿಂದೆ ಬೀಳುತ್ತಾನೆ, ಮಕ್ಕಳಿಗೆ ಮೊದಲೇ ಅವನನ್ನು ತೋರಿಸಬೇಡಿ, ಅವರೇ ಹುಡುಕಲಿ. ಅದು ಮುಗಿದ ಮೇಲೆ ಹೊತ್ತು ಉಳಿದರೆ ಆರನೇ ಸ್ಟೇಜ್‌ನ ಬಹುಮಾನ ವೇದಿಕೆ ಹಾಕಿ. ತೆಕ್ಲೆಹೈಮಾನೊತ್ ಆ ಜೆರ್ಸಿ ಹಾಕಿಕೊಳ್ಳುವುದು ಅಲ್ಲಿದೆ.